ವಿದ್ಯಾದಾನ ಮತ್ತು ರಾಜ್ಯಾಶ್ರಯ: ಶಾಲೆಯ ಆಯ್ಕೆ ಯಾರದು?

ಆದಿತೀರ್ಥಂಕರ ವೃಷಭನಾಥರು ರಾಜ್ಯಭಾರ ಮಾಡುತ್ತಿದ್ದ ಕಾಲದಲ್ಲಿ ತಮ್ಮ ಇಬ್ಬರು ಪುತ್ರಿಯರನ್ನು ಬಳಿಗೆ ಕರೆದು, ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕವಿದ್ಯೆಯನ್ನೂ ಕಲಿಸಿದರೆಂದು ಜೈನ ಪುರಾಣಪರಂಪರೆ ಹೇಳುತ್ತದೆ. ಈ ಕಥೆಯನ್ನು ಅಕ್ಷರದ ಹುಟ್ಟಿನ ಕಥೆಯೆಂದು ಎಲ್ಲರೂ ಬಲ್ಲರು. ಆದರೆ ಅದರೊಳಗೆ ಇನ್ನೊಂದು ಸೂಕ್ಷ್ಮವಿದೆ. ವೃಷಭದೇವರು ಅಂದು ರಾಜರಾಗಿದ್ದರು. ಆಸ್ಥಾನದಲ್ಲಿ ಆಜ್ಞೆ ಹೊರಡಿಸಿ ವಿದ್ಯೆಯನ್ನು ಪ್ರಜೆಗಳ ಮೇಲೆ ಹೇರಬಲ್ಲ ಅಧಿಕಾರ ಅವರಲ್ಲಿತ್ತು. ಹಾಗಿದ್ದೂ ಮೊದಲ ಪಾಠ ನಡೆದದ್ದು ತಂದೆಯ ಸನ್ನಿಧಿಯಲ್ಲಿ, ಮಕ್ಕಳ ಕೈಹಿಡಿದು. ಮಗುವಿಗೆ ವಿದ್ಯೆ ಕೊಡಿಸುವ ಹೊಣೆ ಮೊದಲು ಕುಟುಂಬದ್ದು, ಬಳಿಕ ಸಮಾಜದ್ದು, ಅನಂತರ ರಾಜ್ಯದ್ದು ಎಂಬ ಕ್ರಮವನ್ನು ಈ ಪ್ರಸಂಗದಿಂದ ಗ್ರಹಿಸಿದರೆ ತಪ್ಪಾಗದು.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಶ್ರಾವಕಧರ್ಮವು ಕೊಟ್ಟಿರುವ ಸ್ಥಾನವೂ ಇದೇ ಭಾವನೆಯಿಂದ ಬಂದುದು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂಬ ಸಂಗತಿ ಕನ್ನಡಿಗರೆಲ್ಲರಿಗೂ ಪರಿಚಿತ. ಆಕೆಗೆ ಯಾವ ಇಲಾಖೆಯೂ ಆದೇಶ ನೀಡಿರಲಿಲ್ಲ. ತನ್ನ ದ್ರವ್ಯದಿಂದ, ತನ್ನ ಶ್ರದ್ಧೆಯಿಂದ ಆ ಕಾರ್ಯ ನಡೆಯಿತು. ಬಸದಿ, ಮಠ, ಅಗ್ರಹಾರ, ಮಸೀದಿ, ಊರ ಜಗಲಿ ಇವುಗಳ ಆಶ್ರಯದಲ್ಲಿ ಬೆಳೆದುಬಂದ ಈ ಸ್ವಯಂಪ್ರೇರಿತ ವಿದ್ಯಾವ್ಯವಸ್ಥೆಯು ಮುಂದೆ ಏನಾಯಿತು, ರಾಜ್ಯವು ಅದರೊಡನೆ ಹೇಗೆ ವರ್ತಿಸಿತು, ಇಂದಿನ ಜೈನಸಮಾಜದ ದತ್ತಿಸಂಸ್ಥೆಗಳಿಗೆ ಆ ಇತಿಹಾಸದ ಪಾಠವೇನು ಎಂಬುದು ವಿಚಾರಾರ್ಹವಾದ ವಿಷಯ.

ಬಳ್ಳಾರಿಯ ಲೆಕ್ಕಪತ್ರ

ಮದರಾಸು ಪ್ರಾಂತ್ಯದ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಅಧೀನದ ಜಿಲ್ಲೆಗಳಲ್ಲಿರುವ ದೇಶೀಯ ಶಾಲೆಗಳ ಗಣತಿ ಮಾಡಿಸಿದನು. 1826ರಲ್ಲಿ ಅವನು ಬರೆದ ಟಿಪ್ಪಣಿಯ ಪ್ರಕಾರ, ಸುಮಾರು 1 ಕೋಟಿ 28 ಲಕ್ಷ ಜನಸಂಖ್ಯೆಯ ಪ್ರಾಂತ್ಯದಲ್ಲಿ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇದ್ದರು. ಮನೆಯಲ್ಲಿಯೇ ಪಾಠ ಹೇಳಿಸಿಕೊಳ್ಳುತ್ತಿದ್ದ ಮಕ್ಕಳ ಸಂಖ್ಯೆ ಇದರ ಹೊರಗಿನದು.

ಈ ಗಣತಿಯಲ್ಲಿ ಕನ್ನಡಿಗರಿಗೆ ನಿಕಟವಾದದ್ದು ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟ್ ತಿಂಗಳಲ್ಲಿ ಸಲ್ಲಿಸಿದ ವರದಿ. ಆ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4 ಮತ್ತು ಇಂಗ್ಲಿಷ್ 1. ಹಿರಿಯ ವಿದ್ಯಾರ್ಥಿಗಳೇ ಕಿರಿಯರಿಗೆ ಪಾಠ ಹೇಳುವ ಈ ಶಾಲೆಗಳ ಮಿತವ್ಯಯದ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿದನು; ಅಂತಹ ಕ್ರಮವನ್ನು ಇಂಗ್ಲೆಂಡು ಸಹ ಅನುಕರಿಸಿದೆಯೆಂದು ಬರೆದನು. ಈ 533 ಶಾಲೆಗಳಲ್ಲಿ ಒಂದಕ್ಕೂ ಸರಕಾರದ ನೆರವಿಲ್ಲವೆಂಬುದನ್ನು ಅವನು ನಾಚಿಕೆಯ ಸಂಗತಿಯೆಂದೇ ಒಪ್ಪಿಕೊಂಡನು. ಪಾಲಕರು ಉಪಾಧ್ಯಾಯರಿಗೆ ಕೊಡುತ್ತಿದ್ದ ಅಲ್ಪಸ್ವಲ್ಪ ಹಣ ಮತ್ತು ಧಾನ್ಯವೇ ಈ ಶಾಲೆಗಳ ಜೀವಾಳವಾಗಿತ್ತು.

ಹಾಗೆಂದು ಈ ಚಿತ್ರವನ್ನು ಸುವರ್ಣಯುಗವೆಂದು ಬಣ್ಣಿಸುವುದು ಸತ್ಯಕ್ಕೆ ದೂರ. 9 ಲಕ್ಷಕ್ಕೂ ಮಿಕ್ಕ ಜನರಿದ್ದ ಜಿಲ್ಲೆಯಲ್ಲಿ ಶಾಲೆಗೆ ಹೋಗುತ್ತಿದ್ದವರು ಕೇವಲ 6,641 ಮಂದಿ. ಅವರಲ್ಲಿ ಹೆಣ್ಣುಮಕ್ಕಳ ಸಂಖ್ಯೆ 60. ಬಡತನ ಹೆಚ್ಚಿದಂತೆ ಶಾಲೆಗಳು ಮುಚ್ಚುತ್ತಿವೆಯೆಂದೂ, ಹಿಂದಿನ ಅರಸರು ವಿದ್ಯೆಗಾಗಿ ಬಿಟ್ಟಿದ್ದ ಉಂಬಳಿಗಳು ಲೋಪವಾಗಿವೆಯೆಂದೂ ಕ್ಯಾಂಪ್‌ಬೆಲ್ ಬರೆದಿದ್ದಾನೆ. ಆದುದರಿಂದ ಈ ವರದಿಯಿಂದ ಎರಡು ಸತ್ಯಗಳು ಒಟ್ಟಿಗೇ ಹೊರಡುತ್ತವೆ. ರಾಜ್ಯದ ಅಪ್ಪಣೆಯಿಲ್ಲದೆಯೇ ಸಮಾಜವು ಶಾಲೆಗಳನ್ನು ನಡೆಸಬಲ್ಲದು ಎಂಬುದು ಒಂದು. ರಾಜ್ಯದ ಆಶ್ರಯ ಪೂರ್ತಿಯಾಗಿ ತಪ್ಪಿದರೆ ಬಡವರ ಮಕ್ಕಳು ಹೊರಗೇ ಉಳಿಯುತ್ತಾರೆ ಎಂಬುದು ಇನ್ನೊಂದು. ಅನೇಕಾಂತದೃಷ್ಟಿಯುಳ್ಳವರು ಈ ಎರಡನ್ನೂ ಕೈಬಿಡಲಾರರು.

ಅನುದಾನವೆಂಬ ನಡುದಾರಿ

1854ರ ಜುಲೈ 19ರಂದು ಸರ್ ಚಾರ್ಲ್ಸ್ ವುಡ್ ಹೆಸರಿನಲ್ಲಿ ಹೊರಟ ಶಿಕ್ಷಣಪತ್ರವು ಈ ಎರಡು ಸತ್ಯಗಳ ನಡುವೆ ಒಂದು ದಾರಿಯನ್ನು ತೋರಿತು. ಸರಕಾರವೇ ಎಲ್ಲೆಡೆ ಶಾಲೆಗಳನ್ನು ತೆರೆಯುವುದು ಅಸಾಧ್ಯವೆಂದು ಮನಗಂಡು, ಸ್ಥಳೀಯರು ನಡೆಸುವ ಶಾಲೆಗಳಿಗೆ ಧನಸಹಾಯ ನೀಡುವ ಪದ್ಧತಿಯನ್ನು ಅದು ವಿಧಿಸಿತು. ಒಳ್ಳೆಯ ಲೌಕಿಕ ಶಿಕ್ಷಣ, ಸಮರ್ಪಕವಾದ ಸ್ಥಳೀಯ ಆಡಳಿತ, ತನಿಖೆಗೆ ಒಪ್ಪಿಗೆ, ಅಲ್ಪವಾದರೂ ಶುಲ್ಕ ಇವು ಅನುದಾನದ ನಿಯಮಗಳು. ಶಾಲೆಯು ಕಲಿಸುವ ಧರ್ಮದ ವಿಚಾರದಲ್ಲಿ ತನಿಖಾಧಿಕಾರಿ ಕೈಹಾಕಬಾರದೆಂಬ ಕಟ್ಟುಪಾಡೂ ಇತ್ತು. ಪರಕೀಯರ ಆಳ್ವಿಕೆಯಲ್ಲಿ ಅವರದೇ ಹಿತಕ್ಕಾಗಿ ಹುಟ್ಟಿದ ಪತ್ರವಾದರೂ, ಹಣ ಕೊಡುವವನು ಒಡೆಯನಾಗಬೇಕಿಲ್ಲವೆಂಬ ತತ್ತ್ವ ಅದರಲ್ಲಿ ಅಡಗಿತ್ತು.

1882ರಲ್ಲಿ ನೇಮಕವಾದ ಹಂಟರ್ ಆಯೋಗವು ಇದನ್ನೇ ಮುಂದುವರಿಸಿತು. ಪ್ರಾಥಮಿಕ ಶಿಕ್ಷಣವು ಜಿಲ್ಲಾ ಮತ್ತು ಪುರಸಭಾ ಮಂಡಳಿಗಳ ಕೈಗೆ ಬರಬೇಕು, ಪ್ರೌಢಶಿಕ್ಷಣದಿಂದ ಸರಕಾರ ಕ್ರಮವಾಗಿ ಹಿಂದೆಗೆದು ಖಾಸಗಿ ಪ್ರಯತ್ನಕ್ಕೆ ಅನುದಾನದ ಮೂಲಕ ಎಡೆಮಾಡಬೇಕು ಎಂಬುದು ಅದರ ಶಿಫಾರಸು. ಇದರ ಫಲವಾಗಿ ಒಂದೇ ಪಟ್ಟಣದಲ್ಲಿ ಸರಕಾರಿ, ಮಿಷನರಿ ಹಾಗೂ ದೇಶೀಯ ಶಾಲೆಗಳು ಅಕ್ಕಪಕ್ಕದಲ್ಲಿ ಬೆಳೆದವು. ಪಾಲಕರು ಅವುಗಳನ್ನು ತೂಗಿನೋಡಿ ಮಕ್ಕಳನ್ನು ಸೇರಿಸುವಂತಾಯಿತು. ಮಿಷನರಿ ಶಾಲೆಗಳ ಶಿಸ್ತು ದೇಶೀಯರನ್ನು ಎಚ್ಚರಿಸಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ್ದು ಇಂತಹ ವಾತಾವರಣದಲ್ಲಿಯೇ. ಸ್ಪರ್ಧೆಯೆಂದರೆ ಇಲ್ಲಿ ಕಲಹವಲ್ಲ; ಪರರ ಒಳಿತನ್ನು ಕಂಡು ತನ್ನ ಕೊರತೆಯನ್ನು ತಿದ್ದಿಕೊಳ್ಳುವ ಅವಕಾಶ.

ಸ್ತವನಿಧಿಯಿಂದ ಸಾತಾರಕ್ಕೆ

ಜೈನಸಮಾಜವೂ ಈ ಎಚ್ಚರದಲ್ಲಿ ಹಿಂದೆ ಬೀಳಲಿಲ್ಲ. 1899ರಲ್ಲಿ ನಿಪ್ಪಾಣಿಯ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಸ್ಥಾಪನೆಗೊಂಡಿತು. ಮುಂದೆ ಕೊಲ್ಹಾಪುರದ ದಿವಾನರೂ ಮುಂಬಯಿ ಪ್ರಾಂತ್ಯದ ಅರ್ಥಮಂತ್ರಿಗಳೂ ಆದ ಅಣ್ಣಾಸಾಹೇಬ ಲಠ್ಠೆಯವರು ಅದರ ಪ್ರಮುಖರಲ್ಲಿ ಒಬ್ಬರು. ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಸಭೆಯ ಆಶ್ರಯದಲ್ಲಿ ನಡೆದ ಬೋರ್ಡಿಂಗುಗಳು ಕೃಷಿಕ ಜೈನ ಮನೆತನಗಳ ಎಷ್ಟೋ ಹುಡುಗರಿಗೆ ಪಟ್ಟಣದ ಶಾಲೆಯ ಬಾಗಿಲನ್ನು ತೆರೆದವು. ಕ್ಷೇತ್ರಕ್ಕೆ ಬಂದ ಕಾಣಿಕೆ ಅನ್ನವಾಗಿ, ಅನ್ನ ಅಕ್ಷರವಾಗಿ ಪರಿಣಮಿಸಿದ ಕಾಲವದು. ದಕ್ಷಿಣ ಕನ್ನಡದಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಉಜಿರೆಯಲ್ಲಿ ಸಿದ್ಧವನ ಗುರುಕುಲವನ್ನು ಆರಂಭಿಸಿದರು. 1966ರಲ್ಲಿ ರತ್ನವರ್ಮ ಹೆಗ್ಗಡೆಯವರ ಕಾಲದಲ್ಲಿ ಅಲ್ಲಿ ಕಾಲೇಜು ತಲೆಯೆತ್ತಿತು.

ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದ ಹುಡುಗರಲ್ಲಿ ಭಾವೂರಾವ್ ಪಾಟೀಲ ಎಂಬವನೂ ಒಬ್ಬನು. 1887ರ ಸೆಪ್ಟೆಂಬರ್ 22ರಂದು ಬಾಹುಬಲಿ ಬೆಟ್ಟದ ಸಮೀಪದ ಕುಂಭೋಜದಲ್ಲಿ ಜನಿಸಿದ ಇವರ ಪೂರ್ವಜರು ಮೂಡುಬಿದಿರೆಯ ಕಡೆಯವರೆಂದು ಹೇಳಲಾಗಿದೆ. ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿನಿಲಯದ ಸಮಾರಂಭಕ್ಕೆ ಹೋಗಿಬಂದು, ಮೈಲಿಗೆಯ ಸ್ನಾನ ಮಾಡಲು ಒಪ್ಪದ ಕಾರಣ ಭಾವೂರಾಯರು ಬೋರ್ಡಿಂಗನ್ನು ಬಿಡಬೇಕಾಯಿತು. ತಮ್ಮವರ ಸಂಸ್ಥೆಯಿಂದಲೇ ಹೊರಬಿದ್ದ ಆ ತರುಣ ಸಮಾಜದ ಮೇಲೆ ಮುನಿಯಲಿಲ್ಲ. ಬೋರ್ಡಿಂಗಿನ ಕಲ್ಪನೆಯನ್ನೇ ಇನ್ನಷ್ಟು ವಿಶಾಲವಾಗಿ ಕಟ್ಟಿ ತೋರಿಸಿದರು.

ನೇಗಿಲು ಮತ್ತು ಕಂದೀಲುಗಳ ಮಾರಾಟಕ್ಕಾಗಿ ಹಳ್ಳಿಹಳ್ಳಿ ತಿರುಗಿದ್ದ ಅವರಿಗೆ ರೈತಮಕ್ಕಳ ನಿರಕ್ಷರತೆ ಪ್ರತ್ಯಕ್ಷವಾಗಿ ಗೊತ್ತಿತ್ತು. 1919ರಲ್ಲಿ ಕರಾಡದ ಬಳಿಯ ಕಾಲೆ ಎಂಬ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಅದು ಸಾತಾರಕ್ಕೆ ಬಂದಿತು. ಅಲ್ಲಿನ ಛತ್ರಪತಿ ಶಾಹು ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಅಡಿಗೆ ಮಾಡಿ ಒಟ್ಟಿಗೆ ಉಂಡರು. 1927ರಲ್ಲಿ ಮಹಾತ್ಮಾ ಗಾಂಧೀಜಿಯವರು ಅಲ್ಲಿಗೆ ಭೇಟಿ ನೀಡಿ ಸಂತೋಷಪಟ್ಟರು. ದವಸ ತೀರಿದ ದಿನಗಳಲ್ಲಿ ಭಾವೂರಾಯರ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನು, ಕಡೆಗೆ ಮಾಂಗಲ್ಯವನ್ನೂ ಕಳಚಿಕೊಟ್ಟರು. ಅಪರಿಗ್ರಹವೆಂಬ ಶಬ್ದಕ್ಕೆ ಇದಕ್ಕಿಂತ ನೇರವಾದ ವ್ಯಾಖ್ಯಾನ ದೊರೆಯುವುದು ಕಷ್ಟ.

ಸಂಸ್ಥೆಯ ಧ್ಯೇಯವಾಕ್ಯವೇ ಸ್ವಾವಲಂಬನೆಯ ಶಿಕ್ಷಣ. ವಿದ್ಯಾರ್ಥಿ ದುಡಿದು ಕಲಿಯಬೇಕು. ಶ್ರಮವಿಲ್ಲದೆ ಪಡೆದ ವಿದ್ಯೆ ಭಿಕ್ಷೆಯಾಗುತ್ತದೆ ಎಂಬುದು ಅವರ ನಿಲುವು. 1935ರಲ್ಲಿ ಶಿಕ್ಷಕರ ತರಬೇತಿ ವಿದ್ಯಾಲಯ, 1940ರಲ್ಲಿ ಮಹಾರಾಜಾ ಸಯಾಜಿರಾವ್ ಪ್ರೌಢಶಾಲೆ, 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು ಒಂದರ ಹಿಂದೆ ಒಂದು ಹುಟ್ಟಿದವು. ಶಾಲೆಯಿಲ್ಲದ ಹಳ್ಳಿಗಳಲ್ಲಿ ಐದುನೂರಕ್ಕೂ ಮಿಕ್ಕ ಸ್ವಯಂಸೇವಾ ಪ್ರಾಥಮಿಕ ಶಾಲೆಗಳು ಸರಕಾರದ ಅಲ್ಪ ಅನುದಾನ ಮತ್ತು ಊರವರ ನೆರವಿನಿಂದ ನಡೆದವು. ಊರಿನವರು ಚಾವಡಿಯನ್ನೋ ಗುಡಿಯ ಪೌಳಿಯನ್ನೋ ಬಿಟ್ಟುಕೊಟ್ಟರೆ ಶಾಲೆ ಸಿದ್ಧ.

ಕೊಟ್ಟ ಕೈ, ಕಟ್ಟಿದ ಕೈ

ಈ ಕಥೆಯ ಉತ್ತರಾರ್ಧದಲ್ಲಿ ರಾಜ್ಯಾಶ್ರಯದ ಇನ್ನೊಂದು ಮುಖ ಕಾಣುತ್ತದೆ. ಗಾಂಧೀಜಿಯವರ ನಿರ್ಯಾಣದ ಬಳಿಕ ಅವರ ಸ್ಮರಣಾರ್ಥ 101 ಪ್ರೌಢಶಾಲೆಗಳನ್ನು ತೆರೆಯುವ ಸಂಕಲ್ಪವನ್ನು ಭಾವೂರಾಯರು ತೊಟ್ಟರು. ಅದೇ ಹೊತ್ತಿಗೆ ಮುಂಬಯಿ ಸರಕಾರದೊಡನೆ ಮನಸ್ತಾಪವುಂಟಾಗಿ ಸಂಸ್ಥೆಯ ಅನುದಾನ ನಿಂತುಹೋಯಿತು. ಸಾವಿರಾರು ಮಕ್ಕಳ ಪಾಠ, ನೂರಾರು ಶಿಕ್ಷಕರ ಜೀವನ ತೂಗುಯ್ಯಾಲೆಯಲ್ಲಿ ಸಿಲುಕಿದವು. ಜನರು ವಂತಿಗೆ ಕೂಡಿಸಿದರು. ಕಡೆಗೆ ಸಂತ ಗಾಡಗೆ ಮಹಾರಾಜರು ಮುಖ್ಯಮಂತ್ರಿ ಬಾಳಾಸಾಹೇಬ ಖೇರರಲ್ಲಿ ಸಂಸ್ಥೆಯ ಪರವಾಗಿ ಮಾತನಾಡಿದ ಮೇಲೆ ಅನುದಾನ ಮತ್ತೆ ದೊರೆಯಿತು. ಸ್ವಯಂಸೇವಾ ಶಾಲೆಗಳು ಮಾತ್ರ ಸ್ವಾತಂತ್ರ್ಯಾನಂತರದ ಹೊಸ ಧೋರಣೆಯಂತೆ ಜಿಲ್ಲಾ ಶಾಲಾಮಂಡಳಿಯ ವಶಕ್ಕೆ ಹೋದವು.

ಜಿಲ್ಲಾಮಂಡಳಿ ಅವುಗಳನ್ನು ವಹಿಸಿಕೊಂಡದ್ದರಿಂದ ಶಿಕ್ಷಕರಿಗೆ ಸಂಬಳದ ಭದ್ರತೆ ಬಂದಿತೆಂಬುದು ನಿಜ. ಆದರೆ ಚಾವಡಿ ಬಿಟ್ಟುಕೊಟ್ಟ ಊರವನಿಗೆ ಅದು ಇನ್ನು ತನ್ನ ಶಾಲೆಯಾಗಿ ಉಳಿಯಿತೇ ಎಂಬ ಪ್ರಶ್ನೆ ಉಳಿಯುತ್ತದೆ. ಶಾಲೆಯು ಮೇಲಿನ ಕಚೇರಿಗೆ ಉತ್ತರ ಹೇಳತೊಡಗಿದಾಗ ಕೆಳಗಿನ ಪಾಲಕನಿಗೆ ಉತ್ತರ ಹೇಳುವುದನ್ನು ಮರೆಯುತ್ತದೆ. ಒಂದು ಮನಸ್ತಾಪದಿಂದ ಅನ್ನವೇ ನಿಲ್ಲಬಹುದಾದಲ್ಲಿ ಸತ್ಯ ನುಡಿಯುವ ಸಂಸ್ಥೆಗೆ ಎಡೆಯಿರುವುದಿಲ್ಲ. ಭಾವೂರಾಯರ ಸಂಸ್ಥೆ ಬದುಕಿ ಉಳಿದದ್ದು ಅದರ ಬೇರು ಜನರಲ್ಲಿ ಇದ್ದುದರಿಂದ. 1959ರಲ್ಲಿ ಪದ್ಮಭೂಷಣ ಗೌರವ ಪಡೆದ ಅವರು ಅದೇ ವರ್ಷದ ಮೇ 9ರಂದು ನಿಧನರಾದರು.

ಸಂವಿಧಾನ ಮತ್ತು ಪಾಲಕರ ಹಕ್ಕು

ಸಂವಿಧಾನದ ಕರ್ತೃಗಳು ಈ ಅಪಾಯವನ್ನು ಅರಿಯದವರಲ್ಲ. 30ನೆಯ ಅನುಚ್ಛೇದವು ಧಾರ್ಮಿಕ ಹಾಗೂ ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ಶಿಕ್ಷಣಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟು, ಅನುದಾನದಲ್ಲಿ ಅವರಿಗೆ ಭೇದವೆಣಿಸಬಾರದೆಂದು ವಿಧಿಸಿತು. ವಿಶ್ವಸಂಸ್ಥೆಯ 1948ರ ಮಾನವಹಕ್ಕುಗಳ ಘೋಷಣೆಯೂ ಮಕ್ಕಳಿಗೆ ಎಂತಹ ಶಿಕ್ಷಣ ಕೊಡಿಸಬೇಕೆಂಬುದನ್ನು ಆಯ್ದುಕೊಳ್ಳುವಲ್ಲಿ ತಂದೆತಾಯಿಗಳಿಗೆ ಆದ್ಯ ಹಕ್ಕಿದೆಯೆಂದು ಸಾರಿತು. 1955ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಈ ಹಕ್ಕಿಗೆ ಆರ್ಥಿಕ ರೂಪ ಕೊಟ್ಟು, ಸರಕಾರದ ಹಣ ಶಾಲೆಗೆ ಹೋಗುವ ಬದಲು ಪಾಲಕನ ಕೈಯಲ್ಲಿರುವ ಚೀಟಿಯ ಮೂಲಕ ಅವನು ಆರಿಸಿದ ಶಾಲೆಗೆ ಹೋಗಲಿ ಎಂದು ಸೂಚಿಸಿದನು. ಅಮೆರಿಕದ ಮಿಲ್ವಾಕಿ ನಗರದಲ್ಲಿ 1990ರಲ್ಲಿ ಬಡಮಕ್ಕಳಿಗಾಗಿ ಈ ಕ್ರಮ ಜಾರಿಗೆ ಬಂದಿತು.

ಕರ್ನಾಟಕದಲ್ಲಿ ಈ ಪ್ರಶ್ನೆ ಭಾಷೆಯ ರೂಪದಲ್ಲಿ ಎದ್ದಿತು. ಮೊದಲ ನಾಲ್ಕು ತರಗತಿಗಳ ಬೋಧನೆ ಮಾತೃಭಾಷೆ ಅಥವಾ ಕನ್ನಡದಲ್ಲಿಯೇ ಆಗಬೇಕೆಂಬ 1994ರ ಸರಕಾರಿ ಆದೇಶದ ಉದ್ದೇಶ ಉದಾತ್ತವಾಗಿತ್ತು. ಆದರೆ ಅನುದಾನರಹಿತ ಶಾಲೆಗಳ ಮೇಲೆ ಅದನ್ನು ಕಡ್ಡಾಯಗೊಳಿಸುವಂತಿಲ್ಲ, ಮಾಧ್ಯಮದ ಆಯ್ಕೆ ಪಾಲಕರದು ಎಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ 6ರಂದು ತೀರ್ಪಿತ್ತಿತು. ಕನ್ನಡವನ್ನು ಪ್ರೀತಿಸುವವರಿಗೆ ಈ ತೀರ್ಪು ನೋವನ್ನು ತಂದಿರಬಹುದು. ಆದರೆ ಆಜ್ಞೆಯಿಂದ ಉಳಿಸಿದ ಭಾಷೆಗಿಂತ, ಒಳ್ಳೆಯ ಕನ್ನಡ ಶಾಲೆಯನ್ನು ಕಟ್ಟಿ ಪಾಲಕರನ್ನು ಒಲಿಸಿಕೊಂಡ ಭಾಷೆಯೇ ಹೆಚ್ಚು ಕಾಲ ಬಾಳುವುದು. ಹೇರಿಕೆಯಲ್ಲಿ ಸೂಕ್ಷ್ಮವಾದ ಹಿಂಸೆಯಿದೆ, ಒಲಿಸುವಿಕೆಯಲ್ಲಿ ಅದಿಲ್ಲ.

ಅದೇ ದಿನ ಮತ್ತೊಂದು ತೀರ್ಪು ಬಂದಿತು. ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಶೇಕಡ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಉಚಿತವಾಗಿ ಮೀಸಲಿಡಬೇಕೆಂಬ 2009ರ ಶಿಕ್ಷಣ ಹಕ್ಕು ಕಾಯಿದೆಯು ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ಸಂವಿಧಾನಪೀಠವು ಹೇಳಿತು. ಆ ವರ್ಷದ ಜನವರಿಯಲ್ಲಿಯೇ ಕೇಂದ್ರ ಸರಕಾರವು ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿತ್ತು. ಹೀಗೆ ನಾಲ್ಕೇ ತಿಂಗಳ ಅಂತರದಲ್ಲಿ ಜೈನ ದತ್ತಿಗಳ ಶಾಲೆಗಳಿಗೆ ದೊಡ್ಡ ಸ್ವಾತಂತ್ರ್ಯವೊಂದು ದೊರೆಯಿತು. 2025ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರ ಪೀಠವು ಆ ತೀರ್ಪಿನ ಬಗೆಗೆ ಸಂದೇಹ ವ್ಯಕ್ತಪಡಿಸಿ, ವಿಷಯವನ್ನು ಹಿರಿಯ ಪೀಠದ ಪರಿಶೀಲನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಕಾನೂನು ಯಾವ ಕಡೆ ವಾಲಿದರೂ ನೀತಿಯ ಪ್ರಶ್ನೆ ಬೇರೆಯೇ ಆಗಿದೆ.

ಸ್ವಾತಂತ್ರ್ಯದ ಸಾರ್ಥಕತೆ

ಶಾಲೆಯ ಆಯ್ಕೆ ಪಾಲಕನ ಹಕ್ಕು, ಶಾಲೆಯ ಆಡಳಿತ ಸಮಾಜದ ಹಕ್ಕು ಎಂದು ವಾದಿಸುವವರ ಮೇಲೆ ಒಂದು ಭಾರವೂ ಬೀಳುತ್ತದೆ. ಹಣವುಳ್ಳವನಿಗೆ ಮಾತ್ರ ಆಯ್ಕೆಯಿದ್ದರೆ ಅದು ಹಕ್ಕಲ್ಲ, ಸವಲತ್ತು. ಶಾಲೆಗಳ ನಡುವಣ ಸ್ಪರ್ಧೆ ಬೋಧನೆಯ ಗುಣದಲ್ಲಿ ನಡೆದರೆ ಮಕ್ಕಳಿಗೆ ಲಾಭ. ಕಟ್ಟಡದ ವೈಭವ ಮತ್ತು ವಂತಿಗೆಯ ಮೊತ್ತದಲ್ಲಿ ನಡೆದರೆ ಅದು ಪರಿಗ್ರಹದ ಪ್ರದರ್ಶನ. ಕರ್ನಾಟಕವು 1984ರಲ್ಲಿಯೇ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಶಾಸನ ಮಾಡಬೇಕಾಗಿ ಬಂದುದು ಖಾಸಗಿ ಪ್ರಯತ್ನದ ಹೆಸರಿಗೆ ಹತ್ತಿದ ಕಲಂಕದ ಸಾಕ್ಷಿ. ರಾಜ್ಯದ ಹಸ್ತಕ್ಷೇಪವನ್ನು ಆಹ್ವಾನಿಸುವವರು ಅಧಿಕಾರಿಗಳಷ್ಟೇ ಅಲ್ಲ. ಲೋಭಿಗಳಾದ ಆಡಳಿತಮಂಡಳಿಗಳೂ ಹೌದು. ಆತ್ಮಸಂಯಮವಿಲ್ಲದಲ್ಲಿ ಅಂಕುಶ ಬಂದೇ ಬರುತ್ತದೆ.

2001ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇಕಡ 64.8 ಇದ್ದಾಗ ಜೈನರ ಸಾಕ್ಷರತೆ ಶೇಕಡ 94.1 ಇತ್ತು. ಇದು ಹೆಮ್ಮೆಯ ಅಂಕಿಯೇ ಸರಿ. ಆದರೆ ಇದು ಋಣದ ಅಂಕಿಯೂ ಹೌದು. ಬೋರ್ಡಿಂಗಿನ ಅನ್ನ ಉಂಡು ಕಲಿತ ಹಿರಿಯರ ಮೊಮ್ಮಕ್ಕಳು ಇಂದು ದತ್ತಿಗಳ ವಿಶ್ವಸ್ಥರಾಗಿದ್ದಾರೆ. ಅಲ್ಪಸಂಖ್ಯಾತರೆಂಬ ಮಾನ್ಯತೆಯನ್ನು ಶೇಕಡ 25ರ ಹೊಣೆಯಿಂದ ನುಣುಚಿಕೊಳ್ಳುವ ಗುರಾಣಿಯಾಗಿ ಮಾತ್ರ ಬಳಸಿದರೆ, ಆ ಅನ್ನದ ಋಣ ತೀರದು. ಸರಕಾರ ಹೇಳದಿದ್ದರೂ ಬಡಮಕ್ಕಳಿಗೆ ಅಷ್ಟೇ ಸ್ಥಾನಗಳನ್ನು, ಅಥವಾ ಅದಕ್ಕಿಂತ ಹೆಚ್ಚು ಸ್ಥಾನಗಳನ್ನು, ಸ್ವಂತ ಇಚ್ಛೆಯಿಂದ ತೆರೆದಿಡುವ ಶಾಲೆಯೇ 30ನೆಯ ಅನುಚ್ಛೇದಕ್ಕೆ ಅತ್ಯುತ್ತಮ ಸಮರ್ಥನೆಯಾಗುತ್ತದೆ. ಒತ್ತಾಯದಿಂದ ಕೊಟ್ಟದ್ದು ತೆರಿಗೆ. ಸ್ವೇಚ್ಛೆಯಿಂದ ಕೊಟ್ಟದ್ದೇ ದಾನ.

ಬಸದಿಯ ಜೀರ್ಣೋದ್ಧಾರಕ್ಕೂ ಪಂಚಕಲ್ಯಾಣಕ್ಕೂ ಸಮಾಜ ಉದಾರವಾಗಿ ನೀಡುತ್ತದೆ, ನೀಡಬೇಕಾದುದೇ. ಆ ಲೆಕ್ಕಪತ್ರದಲ್ಲಿ ವಿದ್ಯಾದಾನಕ್ಕೆ ಒಂದು ಸ್ಥಿರವಾದ ಅಂಕಣವಿದ್ದರೆ ದತ್ತಿಯ ಶಾಲೆಯು ಅನುದಾನದ ದಯೆಯನ್ನಾಗಲಿ ಶ್ರೀಮಂತರ ಶುಲ್ಕವನ್ನಾಗಲಿ ಪೂರ್ತಿಯಾಗಿ ನೆಚ್ಚಬೇಕಾಗಿಲ್ಲ. ಪಾಲಕರ ಸಭೆಗೆ ಆಡಳಿತದಲ್ಲಿ ನಿಜವಾದ ಧ್ವನಿಯಿದ್ದರೆ, ಶಿಕ್ಷಕರ ಸಂಬಳ ನ್ಯಾಯವಾಗಿದ್ದರೆ, ಲೆಕ್ಕಪತ್ರ ಎಲ್ಲರಿಗೂ ತೆರೆದಿದ್ದರೆ, ತನಿಖಾಧಿಕಾರಿಯ ಭಯಕ್ಕೆ ಕಾರಣವಿರುವುದಿಲ್ಲ. ಪಕ್ಕದ ಸರಕಾರಿ ಶಾಲೆಯೂ ಅದನ್ನು ನೋಡಿ ಉತ್ತಮಗೊಂಡರೆ ಅದೂ ಪುಣ್ಯದ ಫಲವೇ.

ಬಳ್ಳಾರಿಯ 533 ಶಾಲೆಗಳಲ್ಲಿ ಅಂದು ಇದ್ದುದು ಸ್ವಾತಂತ್ರ್ಯ. ಇಲ್ಲದಿದ್ದುದು ಬಡವರಿಗೆ ಪ್ರವೇಶ. ಅನಂತರದ ಕಾಲವು ಪ್ರವೇಶವನ್ನು ವಿಸ್ತರಿಸುವ ಭರದಲ್ಲಿ ಸ್ವಾತಂತ್ರ್ಯವನ್ನು ಸಂಕುಚಿತಗೊಳಿಸಿತು. ಇವೆರಡನ್ನೂ ಒಂದೇ ಸೂರಿನಡಿ ಕೂಡಿಸಬಹುದೆಂಬುದನ್ನು ಬೋರ್ಡಿಂಗಿನಿಂದ ಹೊರಹಾಕಲ್ಪಟ್ಟ ಜೈನ ಹುಡುಗನೊಬ್ಬ ಸಾತಾರದಲ್ಲಿ ಮಾಡಿ ತೋರಿಸಿದನು. ಪ್ರತಿಯೊಂದು ಬಸದಿಯ ವಿಶ್ವಸ್ಥಮಂಡಳಿಯೂ ಮುಂದಿನ ವರ್ಷದ ಪ್ರವೇಶಪಟ್ಟಿಯನ್ನು ಸಿದ್ಧಪಡಿಸುವ ಮೊದಲು, ಅಂತಹ ಹುಡುಗನೊಬ್ಬ ಇಂದು ತಮ್ಮ ಶಾಲೆಯ ಬಾಗಿಲಿಗೆ ಬಂದರೆ ಒಳಗೆ ಬರಬಲ್ಲನೇ ಎಂದು ತನ್ನನ್ನು ತಾನೇ ಕೇಳಿಕೊಳ್ಳುವುದು ಉಚಿತ.